ವ್ರತ, ವ್ಯಾಧಿ, ವಿವೇಕ

ಮೂಡುಬಿದಿರೆಯ ಆಸುಪಾಸಿನ ಗ್ರಾಮವೊಂದರ ಪ್ರೌಢಶಾಲೆಯಲ್ಲಿ ಮೂವತ್ತಕ್ಕೂ ಮಿಕ್ಕಿ ವರ್ಷ ಗಣಿತ ಬೋಧಿಸಿ ನಿವೃತ್ತರಾದ ಶ್ರಾವಿಕೆಯೊಬ್ಬರಿಗೆ, ಅವರ 62ನೆಯ ವಯಸ್ಸಿನಲ್ಲಿ, ಎಡಸ್ತನದಲ್ಲಿ ಕ್ಯಾನ್ಸರ್ ಇರುವುದು ತಿಳಿದುಬಂದಿತು. ಊರಿನವರೆಲ್ಲ ಅವರನ್ನು ಟೀಚರ್ ಎಂದೇ ಕರೆಯುವುದರಿಂದ ಇಲ್ಲಿಯೂ ಆ ಹೆಸರೇ ಸಾಕು. ಮಾಘಮಾಸದಲ್ಲಿ ಸ್ನಾನ ಮಾಡುವಾಗ ಕೈಗೆ ತಗುಲಿದ ಗಂಟಿನ ವಿಷಯವನ್ನು ಅವರು ವೈಶಾಖದಲ್ಲಿ ಕಿರಿಯ ಮಗಳ ವಿವಾಹ ಮುಗಿಯುವವರೆಗೆ ಯಾರಿಗೂ ಹೇಳಲಿಲ್ಲ. ನೋವಿರಲಿಲ್ಲ, ನೋವಿಲ್ಲದ ಗಂಟಿಗೆ ಅವಸರವೇನು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಸ್ತನದ ಕ್ಯಾನ್ಸರಿನ ಗಂಟು ಆರಂಭದಲ್ಲಿ ಬಹುಮಟ್ಟಿಗೆ ನೋಯುವುದೇ ಇಲ್ಲ. ಇದು ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರು ಹೇಳಿ ಹೇಳಿ ದಣಿದ ಮಾತು, ಕೇಳಿದವರು ಕಡಿಮೆ.

ಆಷಾಢದಲ್ಲಿ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಕಂಕುಳಿನಿಂದ ತೆಗೆದ ಗ್ರಂಥಿಗಳ ಪೈಕಿ ಎರಡರಲ್ಲಿ ರೋಗದ ಕಣಗಳು ಕಂಡುಬಂದವು. ಕಣ್ಣಿಗೂ ಯಂತ್ರಕ್ಕೂ ಕಾಣದಂತೆ ಬೇರೆಡೆ ಉಳಿದಿರಬಹುದಾದ ಕಣಗಳನ್ನು ನಾಶಮಾಡಲು ಕಿಮೋಥೆರಪಿ ಅವಶ್ಯವೆಂದು ವೈದ್ಯೆ ತಿಳಿಸಿದರು. ಮೂರು ವಾರಗಳಿಗೊಮ್ಮೆ ಎರಡು ಔಷಧಗಳ ನಾಲ್ಕು ಆವರ್ತನ, ಅನಂತರ ವಾರಕ್ಕೊಮ್ಮೆ ಇನ್ನೊಂದು ಔಷಧದ ಹನ್ನೆರಡು ಆವರ್ತನ. ಒಟ್ಟು ಹೆಚ್ಚುಕಡಿಮೆ ಆರು ತಿಂಗಳು. ಶಸ್ತ್ರಚಿಕಿತ್ಸೆಯ ಗಾಯ ಮಾಗಿದ ಮೇಲೆ, ಸಾಧಾರಣವಾಗಿ ನಾಲ್ಕರಿಂದ ಆರು ವಾರಗಳೊಳಗೆ ಆರಂಭಿಸುವುದು ಒಳಿತು. ಮೂರು ತಿಂಗಳು ಮೀರಿದರೆ ಚಿಕಿತ್ಸೆಯ ಫಲ ಕುಂದುತ್ತದೆ ಎಂದೂ ಹೇಳಿದರು.

ಟೀಚರ್ ಎಲ್ಲವನ್ನೂ ಶಾಂತರಾಗಿ ಕೇಳಿಸಿಕೊಂಡು ಮನೆಗೆ ಬಂದರು. ಆ ರಾತ್ರಿ ಪತಿಯನ್ನೂ ಬೆಂಗಳೂರಿನಿಂದ ಬಂದಿದ್ದ ಮಗನನ್ನೂ ಕೂರಿಸಿಕೊಂಡು ತಮ್ಮ ನಿರ್ಧಾರವನ್ನು ತಿಳಿಸಿದರು: “ಕತ್ತರಿಸಬೇಕಾದುದನ್ನು ಕತ್ತರಿಸಿ ಆಯಿತು. ಇನ್ನು ಆ ಔಷಧ ಬೇಡ. ಅಷ್ಟಮಿ, ಚತುರ್ದಶಿಯ ಉಪವಾಸ ಹೇಗೂ ಉಂಟು. ಅದನ್ನೇ ಹೆಚ್ಚಿಸಿಕೊಂಡು ಹೋಗುತ್ತೇನೆ. ಸಮಾಧಿಮರಣ ದೊರೆತರೆ ಅದಕ್ಕಿಂತ ಭಾಗ್ಯ ಯಾವುದು?”

ಮಾತು ಬಂಧುಗಳಿಗೆ ತಲುಪಿತು. ಕೆಲವರು ಅವರ ವೈರಾಗ್ಯವನ್ನು ಕೊಂಡಾಡಿದರು. ಪರರ ವೈರಾಗ್ಯವನ್ನು ಕೊಂಡಾಡುವುದು ಅತ್ಯಂತ ಸುಲಭವಾದ ಧರ್ಮಕಾರ್ಯ. ಅದರಲ್ಲಿ ಹೊಗಳುವವನು ಬಿಡಬೇಕಾದುದು ಏನೂ ಇರುವುದಿಲ್ಲ. ಪತಿ ಮಾತ್ರ ಏನೂ ನುಡಿಯದೆ ಎದ್ದುಹೋದರು. ನಲವತ್ತು ವರ್ಷದ ದಾಂಪತ್ಯದಲ್ಲಿ ಪತ್ನಿಯ ವೈರಾಗ್ಯ ಯಾವುದು, ಭೀತಿ ಯಾವುದು ಎಂದು ಅವರಿಗೆ ತಿಳಿಯದೆ ಇರಲಿಲ್ಲ. 1988ರಲ್ಲಿ ಅವರ ತಾಯಿಗೆ ಇದೇ ಬಗೆಯ ಚಿಕಿತ್ಸೆಯಾಗಿತ್ತು. ಪ್ರತಿ ಸಲವೂ ಮೂರು ದಿನ ಎಡೆಬಿಡದ ವಾಂತಿ. ಅತ್ತೆಯ ಹಣೆಯನ್ನು ಒಂದು ಕೈಯಲ್ಲಿಯೂ ಬೇಸಿನ್ನನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು ರಾತ್ರಿ ಕಳೆದವರು ಇದೇ ಟೀಚರ್. ಆಗಿನ್ನೂ ಇಪ್ಪತ್ತರ ಪ್ರಾಯದ ಸೊಸೆ. ಕಿಮೋಥೆರಪಿ ಎಂದೊಡನೆ ಅವರ ಕಣ್ಣಮುಂದೆ ಬರುತ್ತಿದ್ದುದು ಆ ಬೇಸಿನ್ನೇ.

ಬಸದಿಯಲ್ಲಿ ಪ್ರತಿ ಭಾನುವಾರ ಸ್ವಾಧ್ಯಾಯ ನಡೆಸುತ್ತಿದ್ದ ವೃದ್ಧ ಪಂಡಿತರೊಬ್ಬರು ನಾಲ್ಕು ದಿನಗಳ ಬಳಿಕ ಮನೆಗೆ ಬಂದರು. ಅವರನ್ನು ಕರೆತಂದವರು ಪತಿ. ಪಂಡಿತರು ಉಪದೇಶದ ಧಾಟಿ ಹಿಡಿಯಲಿಲ್ಲ. ಬೆಲ್ಲ ನೀರು ಸ್ವೀಕರಿಸಿ, ಕುಶಲ ವಿಚಾರಿಸಿ, ಟೀಚರಲ್ಲಿ ಒಂದು ಪ್ರಶ್ನೆ ಕೇಳಿದರು: “ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆ ಯಾವಾಗ ಎಂದು ಸಮಂತಭದ್ರಾಚಾರ್ಯರು ಹೇಳಿದ್ದಾರೆ, ನೆನಪುಂಟಲ್ಲ ಟೀಚರೇ?”

ಟೀಚರಿಗೆ ನೆನಪಿತ್ತು. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂದು ಬೆರಳು ಮಡಚಿದರು.

“ಬರೀ ರೋಗವೇ?”

ಟೀಚರ್ ಮಾತನಾಡಲಿಲ್ಲ. ಆಚಾರ್ಯರು ಅಲ್ಲಿ ಒಂದು ವಿಶೇಷಣವನ್ನು ಇಟ್ಟಿದ್ದಾರೆ: ಪ್ರತೀಕಾರವಿಲ್ಲದಿದ್ದಾಗ. ಇಂದಿನ ಕನ್ನಡದಲ್ಲಿ ಪ್ರತೀಕಾರವೆಂದರೆ ಸೇಡು ಎಂಬ ಅರ್ಥವೇ ಮುಂದಾಗಿರುವುದರಿಂದ ಆ ಪದವನ್ನು ಓದಿಯೂ ದಾಟಿಹೋಗುವವರು ಬಹಳ. ಅಲ್ಲಿ ಅದರ ಅರ್ಥ ಪರಿಹಾರ, ಉಪಾಯ. ಯಾವ ಉಪಾಯವೂ ಉಳಿಯದ ಸಂದರ್ಭದಲ್ಲಿ ಧರ್ಮಕ್ಕಾಗಿ ದೇಹವನ್ನು ಬಿಡುವುದು ಸಲ್ಲೇಖನೆ. ಉಪಾಯವಿದ್ದೂ ಬಿಡುವುದಕ್ಕೆ ಆ ಹೆಸರು ಸಲ್ಲದು.

ಪಂಡಿತರು ಅನಂತರ ಹೇಳಿದ ಕಥೆ ಹೊಸದೇನಲ್ಲ. ಆ ಆಚಾರ್ಯರಿಗೇ ಭಸ್ಮಕ ವ್ಯಾಧಿ ತಗುಲಿತ್ತು. ಎಷ್ಟು ಉಂಡರೂ ಬೂದಿಯಾಗಿಸುವ ಹಸಿವು ಅದು. ಮುನಿಯ ಆಹಾರನಿಯಮದಲ್ಲಿ ಅದನ್ನು ತಣಿಸುವುದು ಅಸಾಧ್ಯವಾದ್ದರಿಂದ ಅವರು ಗುರುಗಳ ಬಳಿ ಸಲ್ಲೇಖನೆಗೆ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ. ನಿನ್ನಿಂದ ಇನ್ನೂ ಧರ್ಮಕಾರ್ಯವಾಗಬೇಕಿದೆ. ದೀಕ್ಷೆಯನ್ನು ಸದ್ಯಕ್ಕೆ ಇಳಿಸಿಟ್ಟು ರೋಗವನ್ನು ವಾಸಿಮಾಡಿಕೊ, ಮತ್ತೆ ದೀಕ್ಷೆ ಪಡೆ ಎಂದರು. ಆಚಾರ್ಯರು ಹಾಗೆಯೇ ಮಾಡಿದರು. ದೇವಚಂದ್ರನ ರಾಜಾವಳೀ ಕಥೆಯಲ್ಲಿ ಈ ವೃತ್ತಾಂತವಿದೆ; ಶ್ರವಣಬೆಳಗೊಳದ ಹನ್ನೆರಡನೆಯ ಶತಮಾನದ ಮಲ್ಲಿಷೇಣ ಪ್ರಶಸ್ತಿಯಲ್ಲಿಯೂ ಭಸ್ಮಕದ ಉಲ್ಲೇಖವಿದೆ. ಪರಂಪರೆಯ ಈ ಕಥೆಯನ್ನು ಇತಿಹಾಸವೆಂದು ಸಾಧಿಸಲು ಹೊರಡಬೇಕಾದುದಿಲ್ಲ. ಶ್ರಾವಕರಿಗೆ ಸಲ್ಲೇಖನೆಯ ಲಕ್ಷಣವನ್ನು ಬರೆದುಕೊಟ್ಟ ಮಹನೀಯರಿಗೇ ಒಮ್ಮೆ ಸಲ್ಲೇಖನೆಯನ್ನು ನಿರಾಕರಿಸಲಾಯಿತು ಎಂಬುದನ್ನು ಆ ಪರಂಪರೆ ಜತನದಿಂದ ಕಾಪಾಡಿಕೊಂಡು ಬಂದಿದೆ. ಅಷ್ಟು ಸಾಕು.

ಪಂಡಿತರು ಏಳುವಾಗ ಟೀಚರ್ ಒಂದೇ ಮಾತು ಹೇಳಿದರು: “ನನಗೆ ಹೆದರಿಕೆ ಉಂಟು, ಶಾಸ್ತ್ರಿಗಳೇ.” “ಅದನ್ನು ಡಾಕ್ಟರಲ್ಲಿ ಹೇಳಿ. ಅದಕ್ಕೂ ಮದ್ದು ಇದ್ದೀತು,” ಎಂದು ಅವರು ಚಪ್ಪಲಿ ಮೆಟ್ಟಿದರು.

ಮದ್ದು ಇತ್ತು. ವೈದ್ಯೆ ಬೇಸಿನ್ನಿನ ಕಥೆಯನ್ನು ಪೂರ್ತಿ ಕೇಳಿ, 1988ರ ಚಿಕಿತ್ಸೆಗೂ ಇಂದಿನದಕ್ಕೂ ಇರುವ ಅಂತರವನ್ನು ವಿವರಿಸಿದರು. ವಾಂತಿಯನ್ನು ತಡೆಯುವ ಒಂಡಾನ್ಸೆಟ್ರಾನ್ ಎಂಬ ಔಷಧ ಬಳಕೆಗೆ ಬಂದುದೇ 1990ರ ದಶಕದ ಆರಂಭದಲ್ಲಿ. ಅದರ ಬಳಿಕ ಇನ್ನೂ ಪ್ರಬಲವಾದವು ಬಂದಿವೆ. ಅವುಗಳನ್ನು ಕಿಮೋಗೆ ಮುಂಚಿತವಾಗಿಯೇ ಕೊಡಲಾಗುತ್ತದೆ. ಹೊಟ್ಟೆ ತೊಳಸುವುದಿಲ್ಲವೆಂದಲ್ಲ, ಆದರೆ ಮೂರು ದಿನ ಬೇಸಿನ್ ಹಿಡಿದು ಕೂರುವ ಪರಿಸ್ಥಿತಿ ಈಗ ವಿರಳ. ಟೀಚರ್ ಇದನ್ನೆಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ಗಣಿತದ ಅಧ್ಯಾಪಿಕೆಯ ಅಭ್ಯಾಸ: ಎಡಪುಟದಲ್ಲಿ ಪ್ರಶ್ನೆ, ಬಲಪುಟದಲ್ಲಿ ಉತ್ತರ.

ಇಲ್ಲಿ ಮಗನ ವಿಷಯವನ್ನೂ ಹೇಳಬೇಕು. ತಾಯಿಗೆ ಆಘಾತವಾದೀತೆಂದು ಆತ, ಗ್ರಂಥಿಗಳಲ್ಲಿ ರೋಗ ಕಂಡ ಸಂಗತಿಯನ್ನು ಆಕೆಗೆ ತಿಳಿಸಬೇಡಿರೆಂದು ವೈದ್ಯೆಯನ್ನು ದೂರವಾಣಿಯಲ್ಲಿ ಕೇಳಿಕೊಂಡಿದ್ದ. ಆಕೆ ಒಪ್ಪಿರಲಿಲ್ಲ. ಚಿಕಿತ್ಸೆಗೆ ಸಮ್ಮತಿಯ ಸಹಿ ಹಾಕಬೇಕಾದವರು ರೋಗಿಯೇ. ತಿಳಿಯದೆ ಹಾಕಿದ ಸಹಿ ಸಮ್ಮತಿಯಲ್ಲ. ಮೇಲಾಗಿ ಕಿಮೋಥೆರಪಿಯಲ್ಲಿ ಅರ್ಧದಷ್ಟು ಕಾವಲು ರೋಗಿಯದೇ. ಔಷಧ ಹರಿಸಿದ ಏಳರಿಂದ ಹದಿನಾಲ್ಕು ದಿನಗಳ ನಡುವೆ ರಕ್ತದ ಬಿಳಿಯ ಕಣಗಳು ಅತ್ಯಂತ ಕಡಿಮೆಯಾಗುತ್ತವೆ. ಆ ದಿನಗಳಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗುವುದನ್ನು ಕಾಯದೆ, ಮನೆಯಲ್ಲಿ ಮಾತ್ರೆ ನುಂಗಿ ಮಲಗದೆ, ಆಸ್ಪತ್ರೆಗೆ ಧಾವಿಸಬೇಕು. ತನಗೇನಾಗಿದೆ ಎಂದು ಅರಿಯದವರು ಆ ಜ್ವರವನ್ನು ಮಳೆಗಾಲದ ಜ್ವರವೆಂದು ಕಷಾಯ ಕುಡಿದು ಹೊದ್ದು ಮಲಗುತ್ತಾರೆ. ಪ್ರೀತಿಯಿಂದ ಹೇಳಿದ ಸುಳ್ಳು ಇಲ್ಲಿ ಅಹಿಂಸೆಯ ವೇಷದ ಹಿಂಸೆಯಾಗುತ್ತದೆ. ಮಗನ ಈ ದೂರವಾಣಿಯ ಪ್ರಸಂಗ ತಿಳಿದಾಗ ಟೀಚರ್ ಸಿಟ್ಟಾಗಲಿಲ್ಲ. “ನಾನು ಮೂರು ತಿಂಗಳು ಮುಚ್ಚಿಟ್ಟೆನಲ್ಲ, ಅದನ್ನೇ ನೀನು ಕಲಿತದ್ದು,” ಎಂದರು. ಆ ಮಾತಿನಲ್ಲಿದ್ದ ನೋವನ್ನು ಮಗ ಗ್ರಹಿಸಿದನೋ ಇಲ್ಲವೋ.

ಚಿಕಿತ್ಸೆಗೆ ಒಪ್ಪಿಗೆಯಾಯಿತು, ಆದರೆ ಕ್ಲೇಶ ಮುಗಿದಿರಲಿಲ್ಲ. ಭಾದ್ರಪದ ಶುಕ್ಲ ಚತುರ್ದಶಿಗೆ ಅನಂತನ ನೋಂಪಿ. ಹದಿನಾಲ್ಕು ವರ್ಷದ ಆ ನೋಂಪಿಯಲ್ಲಿ ಟೀಚರಿಗೆ ಅದು ಹದಿಮೂರನೆಯದು. ಮುಂದಿನ ವರ್ಷ ಉದ್ಯಾಪನೆ. ಕಿಮೋವನ್ನು ಒಂದು ತಿಂಗಳು ಮುಂದೂಡಿ, ದಶಲಕ್ಷಣ ಪರ್ವವನ್ನೂ ನೋಂಪಿಯನ್ನೂ ಮುಗಿಸಿ ಆರಂಭಿಸಬಾರದೇಕೆ ಎಂದು ಅವರು ಎಡಪುಟದಲ್ಲಿ ಬರೆದರು. ಬಲಪುಟದಲ್ಲಿ ವೈದ್ಯೆಯ ಉತ್ತರವಿದೆ: ಮುಂದೂಡುವುದು ಬೇಡ, ಚಿಕಿತ್ಸೆಯ ಅವಧಿಯಲ್ಲಿ ನಿರಾಹಾರವೂ ಬೇಡ. ನೀರಿನ ಕೊರತೆಯಾದರೆ ಮೂತ್ರಪಿಂಡಕ್ಕೂ ಮೂತ್ರಕೋಶಕ್ಕೂ ತೊಂದರೆ, ತೂಕ ಇಳಿದರೆ ಔಷಧವನ್ನು ತಾಳಿಕೊಳ್ಳುವ ಶಕ್ತಿ ಇಳಿಯುತ್ತದೆ.

ವ್ರತವೆಂದರೆ ಎಲ್ಲವೂ ಒಂದೇ ತೂಕದ್ದಲ್ಲ ಎಂಬ ವಿವೇಕವನ್ನು ಶ್ರಾವಕಾಚಾರವೇ ಕಲಿಸುತ್ತದೆ. ಕಾಲದ ಮಿತಿಯಿಟ್ಟು ಕೈಗೊಂಡುದು ನಿಯಮ; ಜೀವಾವಧಿ ಕೈಗೊಂಡುದು ಯಮ. ಟೀಚರ್ ತಮ್ಮ ವ್ರತಗಳನ್ನು ಪುಸ್ತಕದಲ್ಲಿ ಎರಡು ಸಾಲಾಗಿ ವಿಂಗಡಿಸಿದರು. ಅಷ್ಟಮಿ ಚತುರ್ದಶಿಯ ಉಪವಾಸವನ್ನು ಅವರು ವರ್ಷವರ್ಷವೂ ಹೊಸದಾಗಿ ಸಂಕಲ್ಪಿಸುತ್ತಿದ್ದರು, ಅದು ನಿಯಮ. ಹಿಂದಿನ ಅವಧಿ ಮುಗಿದಿತ್ತು, ಹೊಸ ಸಂಕಲ್ಪ ಮಾಡದಿದ್ದರೆ ಭಂಗವಿಲ್ಲ. ಕಂದಮೂಲ ತ್ಯಾಗ ಹಾಗೂ ರಾತ್ರಿಭೋಜನ ತ್ಯಾಗ ಜೀವಾವಧಿಯವು. ಇವನ್ನು ಬಿಡುವ ಪ್ರಶ್ನೆಯಿಲ್ಲ, ಆದರೆ ರಾತ್ರಿಯ ವ್ರತವನ್ನು ಕೈಗೊಂಡಾಗಲೇ ಔಷಧಕ್ಕೂ ಅದಕ್ಕೆ ಬೇಕಾದ ನೀರಿಗೂ ಅವಕಾಶವಿಟ್ಟುಕೊಂಡಿದ್ದರು. ಉಳಿದುದು ನೋಂಪಿ. ಅದರ ಬಗ್ಗೆ ಪಂಡಿತರು, “ಈ ವರ್ಷ ಮನೆಯಲ್ಲಿ ಕುಳಿತು ಸ್ಮರಣೆ ಮಾಡಿ. ತಪ್ಪಿದುದನ್ನು ವಾಸಿಯಾದ ಮೇಲೆ ಪೂರೈಸುವ, ಪ್ರಾಯಶ್ಚಿತ್ತ ಏನೆಂದು ಆಗ ಕೇಳುವ,” ಎಂದರು. ಟೀಚರಿಗೆ ಸಮಾಧಾನವಾಯಿತೆಂದು ಹೇಳುವಂತಿಲ್ಲ. ಹದಿಮೂರು ಎಂಬ ಅಂಕಿಯನ್ನು ಬರೆದು, ಅದರ ಸುತ್ತ ವೃತ್ತವೆಳೆದು ಬಿಟ್ಟರು.

ಸಿದ್ಧತೆಯ ಮೂರು ವಾರಗಳಲ್ಲಿ ಅವರು ಕೇಳಿದ ಪ್ರಶ್ನೆಗಳಿಗೆ ಆಸ್ಪತ್ರೆಯವರು ನಗದೆ ಉತ್ತರಿಸಿದುದು ಸ್ಮರಣೀಯ. ದೀರ್ಘಕಾಲದ ಔಷಧಕ್ಕಾಗಿ ಎದೆಯ ಚರ್ಮದಡಿ ಪೋರ್ಟ್ ಎಂಬ ಚಿಕ್ಕ ಸಾಧನವನ್ನು ಕೂರಿಸುತ್ತಾರೆ. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ತುಂಬುವುದು ರೂಢಿ. ಹೆಪಾರಿನ್ ತಯಾರಾಗುವುದು ಹಂದಿಯ ಕರುಳಿನಿಂದ. ಉಪ್ಪುನೀರಿನ ದ್ರಾವಣದಿಂದಲೂ ಪೋರ್ಟನ್ನು ತೊಳೆದಿಡಲು ಬರುತ್ತದೆಂದು ದಾದಿಯರ ಮುಖ್ಯಸ್ಥೆ ವೈದ್ಯೆಯನ್ನು ವಿಚಾರಿಸಿ ತಿಳಿಸಿದರು. ವಾಂತಿ ತಡೆಯುವ ಔಷಧಗಳಲ್ಲಿ ಒಂದು, ಜೆಲಾಟಿನ್ ಕವಚದ ಕ್ಯಾಪ್ಸೂಲಿನಲ್ಲಿ ಬರುತ್ತದೆ. ಜೆಲಾಟಿನ್ ಪ್ರಾಣಿಗಳ ಎಲುಬು ಚರ್ಮಗಳದು. ಅದೇ ವರ್ಗದ ಔಷಧವನ್ನು ರಕ್ತನಾಳದ ಮೂಲಕ ಕೊಡಲು ಬರುತ್ತದೆಂದು ವೈದ್ಯೆ ಬದಲಾಯಿಸಿದರು. ಎಲ್ಲದಕ್ಕೂ ಹೀಗೆ ಪರ್ಯಾಯವಿರುವುದಿಲ್ಲ. ಪ್ರಾಣಿಗಳ ಮೇಲೆ ಪ್ರಯೋಗವಾಗದೆ ಬಂದ ಔಷಧ ಅಲ್ಲಿ ಒಂದೂ ಇರಲಿಲ್ಲ. ಟೀಚರ್ ಅದನ್ನೂ ಕೇಳಿದರು, ಉತ್ತರವನ್ನೂ ಬರೆದುಕೊಂಡರು. ಅದರ ಮುಂದೆ ಏನನ್ನೂ ಬರೆಯಲಿಲ್ಲ.

ಔಷಧಗಳ ಹುಟ್ಟಿನ ಕಥೆ ಅವರನ್ನು ಬಹಳ ಕಾಲ ಹಿಡಿದಿಟ್ಟಿತು. ಮೊದಲ ಆವರ್ತನದ ಎರಡು ಔಷಧಗಳಲ್ಲಿ ಒಂದಾದ ಸೈಕ್ಲೋಫಾಸ್ಫಮೈಡ್, ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಮಸ್ಟರ್ಡ್ ಅನಿಲದ ವಂಶದ್ದು. ಆ ವಿಷದ ಸಂಬಂಧಿಯಾದ ನೈಟ್ರೋಜನ್ ಮಸ್ಟರ್ಡನ್ನು 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕ್ಯಾನ್ಸರ್ ರೋಗಿಗೆ ಮೊದಲ ಬಾರಿಗೆ ಕೊಟ್ಟು ನೋಡಲಾಯಿತು. ಇನ್ನೊಂದಾದ ಡಾಕ್ಸೋರುಬಿಸಿನ್, ಇಟಲಿಯ ಮಣ್ಣಿನಲ್ಲಿ ದೊರೆತ ಸೂಕ್ಷ್ಮಾಣುವಿನ ಕೊಡುಗೆ. ಏಡ್ರಿಯಾಟಿಕ್ ಸಮುದ್ರದ ಹೆಸರನ್ನು ಸೇರಿಸಿ ಅದಕ್ಕೆ ಏಡ್ರಿಯಾಮೈಸಿನ್ ಎಂದೂ ಹೆಸರಿಟ್ಟರು. ಕೆಂಪು ಬಣ್ಣದ ದ್ರವ; ಒಂದೆರಡು ದಿನ ಮೂತ್ರವೂ ಕೆಂಪಾಗುವುದರಿಂದ ಮೊದಲೇ ತಿಳಿಯದವರು ರಕ್ತವೆಂದು ಬೆದರುತ್ತಾರೆ. ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲುದಾದ್ದರಿಂದ ಮುಂಚಿತವಾಗಿ ಎಕೋ ಪರೀಕ್ಷೆ ಕಡ್ಡಾಯ. ಅನಂತರದ ಹನ್ನೆರಡು ವಾರಗಳ ಪ್ಯಾಕ್ಲಿಟ್ಯಾಕ್ಸೆಲ್ ದೊರೆತುದು ಪೆಸಿಫಿಕ್ ಯೂ ಎಂಬ ಮರದ ತೊಗಟೆಯಲ್ಲಿ. ಆರಂಭದಲ್ಲಿ ತೊಗಟೆ ಸುಲಿದರೆ ಮರ ಸಾಯುತ್ತಿತ್ತು. ಬಳಿಕ ಅದೇ ಜಾತಿಯ ಯೂರೋಪಿನ ಮರದ ಎಲೆಗಳಿಂದಲೂ, ಸಸ್ಯಕೋಶಗಳನ್ನು ಬೆಳೆಸಿಯೂ ತಯಾರಿಸುವ ವಿಧಾನ ಬಂದುದರಿಂದ ಮರವನ್ನು ಕೊಲ್ಲುವ ಅವಶ್ಯಕತೆ ತಪ್ಪಿತು. ಇದನ್ನು ಕೇಳಿದಾಗ ಟೀಚರ್ ಆ ಮೂರು ವಾರಗಳಲ್ಲಿ ಮೊದಲ ಬಾರಿ ನಕ್ಕರು. “ಎಲೆ ಕೊಯ್ದರೆ ಚಿಗುರುತ್ತದೆ,” ಎಂದರು.

ದಂತವೈದ್ಯರಲ್ಲಿಗೆ ಹೋದುದು, ಹುಳುಕು ಹಲ್ಲೊಂದನ್ನು ಮುಂಚಿತವಾಗಿಯೇ ತೆಗೆಸಿದುದು, ರಕ್ತ ಪರೀಕ್ಷೆ, ಕಾಮಾಲೆಯ ವೈರಾಣುವಿನ ಪರೀಕ್ಷೆ, ವಿಮೆಯ ಕಾಗದಪತ್ರ: ಇವೆಲ್ಲ ಪತಿಯ ಪಾಲಿಗೆ ಬಂದವು. ಸಹಕಾರಿ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತರಾದ ಅವರಿಗೆ ಕಾಗದಪತ್ರ ಕಷ್ಟವಾಗಲಿಲ್ಲ, ಕಷ್ಟವಾದುದು ಅಡುಗೆಮನೆ. ಮದುವೆಯಾದಂದಿನಿಂದ ಅವರು ಒಲೆಯ ಮುಂದೆ ನಿಂತವರಲ್ಲ. ಮೊದಲ ದಿನ ಕುಚ್ಚಲಕ್ಕಿಯ ಗಂಜಿ ತಳಹಿಡಿಯಿತು. ಎರಡನೆಯ ದಿನ ಅಕ್ಕಿ ಬೇಯಲಿಲ್ಲ. ಟೀಚರ್ ಎದ್ದು ಬಂದು ಸೌಟು ಕಿತ್ತುಕೊಂಡರು. ಪತಿ ಕೊಡಲಿಲ್ಲ, ಇಬ್ಬರ ನಡುವೆ ಸ್ವಲ್ಪ ಮಾತೂ ಆಯಿತು.

ವೈಯಾವೃತ್ತ್ಯವನ್ನು, ಎಂದರೆ ರೋಗಿಗಳ, ವೃದ್ಧರ, ತಪಸ್ವಿಗಳ ಸೇವೆಯನ್ನು, ಶಾಸ್ತ್ರವು ಆರು ಅಂತರಂಗ ತಪಸ್ಸುಗಳಲ್ಲಿ ಒಂದೆಂದು ಎಣಿಸಿದೆ. ಸೇವೆ ಮಾಡುವುದು ತಪಸ್ಸೆಂದು ಎಲ್ಲರೂ ಬಲ್ಲರು. ಜೀವಮಾನವಿಡೀ ಸೇವೆ ಮಾಡಿದ ಹೆಂಗಸಿಗೆ ಸೇವೆ ಸ್ವೀಕರಿಸುವುದು ಅದಕ್ಕಿಂತ ಕಠಿಣವೆಂಬುದನ್ನು ಮನೆಯವರು ಮರೆಯುತ್ತಾರೆ. ತಾನು ಕುಳಿತಿದ್ದು ಇನ್ನೊಬ್ಬರು ಬಡಿಸುವುದು ಟೀಚರಿಗೆ ಶಸ್ತ್ರಚಿಕಿತ್ಸೆಗಿಂತ ಹೆಚ್ಚು ಮುಜುಗರದ್ದಾಗಿತ್ತು. ಮೂರನೆಯ ದಿನ ಅವರು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿ ಕುಳಿತರು. ನೀರು ಎಷ್ಟು, ಬೆಂಕಿ ಎಷ್ಟು ಎಂದು ಪಾಠ ಹೇಳತೊಡಗಿದರು. ಅದು ಅವರಿಗೆ ಬರುತ್ತಿದ್ದ ಕೆಲಸ. ವಾರದೊಳಗೆ ಪತಿ ಗಂಜಿ, ಹೆಸರುಬೇಳೆಯ ತೊವ್ವೆ, ಬಾಳೆಕಾಯಿ ಪಲ್ಯ, ಸೌತೆಕಾಯಿ ಹುಳಿ ಕಲಿತರು.

ಆಹಾರದ ವಿಷಯದಲ್ಲಿ ಸಲಹೆ ಕೊಡಲು ಬಂದವರಿಗೆ ಲೆಕ್ಕವಿಲ್ಲ. ಒಬ್ಬರು ಬೀಟ್‌ರೂಟಿನ ರಸವೆಂದರು, ಇನ್ನೊಬ್ಬರು ಮೊಟ್ಟೆಯಿಲ್ಲದೆ ಈ ಚಿಕಿತ್ಸೆ ಸಾಧ್ಯವೇ ಇಲ್ಲವೆಂದರು. ಪಥ್ಯತಜ್ಞೆ ಬೇರೆ ಹೇಳಿದರು: ಬೇಳೆಕಾಳು, ಹಾಲು, ಪನೀರ್, ಸೋಯಾ, ಕಡಲೆಗಳನ್ನು ಅಳತೆಯರಿತು ಸೇವಿಸಿದರೆ ದೇಹಕ್ಕೆ ಬೇಕಾದ ಪ್ರೋಟೀನ್ ಸಿಗುತ್ತದೆ. ಅಮೃತಬಳ್ಳಿಯ ಕಷಾಯವನ್ನು ಮಾತ್ರ ಪೂರ್ತಿ ನಿಲ್ಲಿಸಬೇಕೆಂದರು. ಅದರಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ, ಕಿಮೋ ಔಷಧಗಳನ್ನು ಅರಗಿಸಬೇಕಾದುದೂ ಅದೇ ಯಕೃತ್ತು. ಇನ್ನು ನೀರನ್ನು ಸೋಸಿ ಕುದಿಸಿ ಕುಡಿಯಬೇಕು, ಆಗಷ್ಟೇ ಬೇಯಿಸಿದುದನ್ನು ಉಣ್ಣಬೇಕು, ಹಿಂದಿನ ದಿನದ ಅಡುಗೆ ಕೂಡದು ಎಂಬ ಸೂಚನೆಗಳ ಪಟ್ಟಿಯನ್ನು ಆಸ್ಪತ್ರೆಯವರು ಕೈಗಿತ್ತಾಗ ಟೀಚರ್ ಅದನ್ನು ಪತಿಗೆ ದಾಟಿಸಿ, “ಇದನ್ನು ನಮ್ಮ ಅತ್ತೆ ಅಚ್ಚು ಹಾಕಿಸಿದ ಹಾಗುಂಟು,” ಎಂದರು.

ಸಲಹೆಗಿಂತ ಸಂತಾಪ ಭಾರವಾಗಿತ್ತು. ದೂರದ ಬಂಧುವೊಬ್ಬರು ಬಂದು, ಇಷ್ಟು ನೋಂಪಿ ಮಾಡಿದವರಿಗೆ ಹೀಗಾಗಬೇಕಾದರೆ ಯಾವ ಜನ್ಮದ ಪಾಪವೋ ಎಂದು ಕಣ್ಣೊರಸಿಕೊಂಡು ಹೋದರು. ಆ ರಾತ್ರಿ ಟೀಚರ್ ನಿದ್ರಿಸಲಿಲ್ಲ. ತಾವು ಯಾರಿಗೆ ಬೆತ್ತದಲ್ಲಿ ಹೊಡೆದಿದ್ದೆ, ಯಾರನ್ನು ತರಗತಿಯ ಹೊರಗೆ ನಿಲ್ಲಿಸಿದ್ದೆ ಎಂದು ಮೂವತ್ತು ವರ್ಷದ ಮಕ್ಕಳನ್ನೆಲ್ಲ ನೆನೆದರು. ಕರ್ಮಸಿದ್ಧಾಂತವು ಮನುಷ್ಯನು ತನ್ನ ಮುಂದಿನ ನಡೆಯನ್ನು ತಿದ್ದಿಕೊಳ್ಳಲು ಇರುವಂಥದು. ಪಕ್ಕದವರ ರೋಗಕ್ಕೆ ಭಾಷ್ಯ ಬರೆಯಲು ಅಲ್ಲ. ಅಸಾತಾವೇದನೀಯ ಕರ್ಮ ಯಾವುದರಿಂದ ಕಟ್ಟಿಕೊಳ್ಳುತ್ತದೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಹೇಳುತ್ತದೆ: ದುಃಖ, ಶೋಕ, ತಾಪ, ಆಕ್ರಂದನ ಮುಂತಾದುವನ್ನು ತನ್ನಲ್ಲಿಯೋ ಪರರಲ್ಲಿಯೋ ಉಂಟುಮಾಡುವುದರಿಂದ. ಹಾಗಿರುವಾಗ ರೋಗಿಯ ಹಾಸಿಗೆಯ ಬಳಿ ಕುಳಿತು ಪೂರ್ವಕರ್ಮದ ಮಾತೆತ್ತಿ ಆಕೆಯನ್ನು ಅಳಿಸಿ ಹೋದವರು ಏನನ್ನು ಕಟ್ಟಿಕೊಂಡು ಹೋದರೆಂಬುದನ್ನು ಅವರೇ ವಿಚಾರಿಸಿಕೊಳ್ಳಬೇಕು. ಸೂತ್ರದಲ್ಲಿ ‘ತನ್ನಲ್ಲಿ’ ಎಂಬ ಮಾತೂ ಇದೆ. ತನ್ನನ್ನು ತಾನೇ ಸುಡುವ ಪರಿತಾಪಕ್ಕೂ ಅಲ್ಲಿ ವಿನಾಯಿತಿಯಿಲ್ಲ. ಬೆಳಿಗ್ಗೆ ಪತಿ ಹೊರಬಾಗಿಲಿಗೆ ಒಂದು ಕಾಗದ ಅಂಟಿಸಿದರು: ವೈದ್ಯರ ಸೂಚನೆಯಂತೆ ಸಂದರ್ಶಕರಿಗೆ ಪ್ರವೇಶವಿಲ್ಲ. ಸೋಂಕಿನ ಭಯ ಆರಂಭವಾಗಲು ಇನ್ನೂ ಎರಡು ವಾರವಿತ್ತು; ವೈದ್ಯರು ಹಾಗೆ ಹೇಳಿಯೂ ಇರಲಿಲ್ಲ. ಸತ್ಯಾಣುವ್ರತದ ದೃಷ್ಟಿಯಿಂದ ಆ ಕಾಗದವನ್ನು ಎಲ್ಲಿಡಬೇಕೆಂಬುದು ಚರ್ಚಾರ್ಹ.

ಕೂದಲಿನ ವಿಷಯವನ್ನು ಎಲ್ಲರೂ ಕೊನೆಗೆ ಮುಂದೂಡಿದ್ದರು. ಮೊದಲ ಆವರ್ತನದ ಎರಡು ಮೂರು ವಾರಗಳಲ್ಲಿ ಉದುರತೊಡಗುತ್ತದೆ. ಉದ್ದ ಕೂದಲು ಹಿಡಿಹಿಡಿಯಾಗಿ ಬರುವುದನ್ನು ನೋಡುವುದಕ್ಕಿಂತ ಮುಂಚಿತವಾಗಿ ಗಿಡ್ಡ ಮಾಡಿಸುವುದು ಒಳ್ಳೆಯದೆಂದು ದಾದಿ ಹೇಳಿದ್ದರು. ಟೀಚರದು ಸೊಂಟದವರೆಗಿನ ಜಡೆ. ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅಬ್ಬಲಿಗೆಯೋ ಮಲ್ಲಿಗೆಯೋ ಇಲ್ಲದ ದಿನವಿರಲಿಲ್ಲ. ಹೊಸದಾಗಿ ಮದುವೆಯಾಗಿ ಹೋಗಿದ್ದ ಮಗಳು ಬಂದು ಕತ್ತರಿ ಹಿಡಿದಳು. ತಾಯಿಗೆ ಧೈರ್ಯ ಬರಲೆಂದು, “ಅಮ್ಮಾ, ಮಾತಾಜಿಗಳು ಕೇಶಲೋಚ ಮಾಡಿಕೊಳ್ಳುವುದಿಲ್ಲವಾ, ಹಾಗೆಂದು ಎಣಿಸಿಕೊಳ್ಳಿ,” ಎಂದಳು.

ಟೀಚರ್ ಬಾಲ್ಯದಲ್ಲಿ ಆರ್ಯಿಕೆಯೊಬ್ಬರ ಕೇಶಲೋಚವನ್ನು ಕಣ್ಣಾರೆ ಕಂಡವರು. ಬೂದಿ ಹಚ್ಚಿದ ಬೆರಳುಗಳಲ್ಲಿ ಒಂದೊಂದೇ ಹಿಡಿಯನ್ನು ತಾವೇ ಕೀಳುತ್ತಿದ್ದ ಆ ಮುಖದಲ್ಲಿ ವಿಕಾರವಿರಲಿಲ್ಲವೆಂದು ಅವರು ಮಕ್ಕಳಿಗೆ ಹಲವು ಸಲ ಹೇಳಿದ್ದುಂಟು. ಈಗ ಮಗಳ ಕೈ ಹಿಡಿದು ನಿಲ್ಲಿಸಿದರು. “ಹಾಗೆ ಹೇಳಬೇಡ ಮಗಾ. ಅವರು ಕೂದಲನ್ನು ಬಿಟ್ಟವರು. ನನ್ನನ್ನು ಕೂದಲು ಬಿಟ್ಟುಹೋಗುವುದು. ಎರಡೂ ಒಂದೇ ಅಲ್ಲ. ನನಗೆ ಬೇಸರ ಉಂಟು, ಬೇಸರ ಇರಲಿ.” ಮಗಳು ಅತ್ತಳು, ತಾಯಿಯೂ ಅತ್ತರು. ಬಳಿಕ ಜಡೆ ಕತ್ತರಿಸಲಾಯಿತು. ದುಃಖಕ್ಕೆ ತ್ಯಾಗದ ಹೆಸರನ್ನು ತೊಡಿಸಲು ಒಪ್ಪದ ಆ ಸತ್ಯನಿಷ್ಠೆ, ಮೂರು ವಾರಗಳ ಹಿಂದೆ ಭೀತಿಗೆ ವೈರಾಗ್ಯದ ಹೆಸರಿಟ್ಟವರಲ್ಲಿ ಹೊಸದಾಗಿ ಮೂಡಿದ್ದೆಂದು ಗುರುತಿಸಬಹುದು.

ಆಸ್ಪತ್ರೆಯವರು ಗೊತ್ತುಮಾಡಿದ ದಿನ ಶ್ರಾವಣ ಬಹುಳ ಚತುರ್ದಶಿಗೆ ಬಂತು. ಪಂಚಾಂಗ ನೋಡಿದ ಪತಿ ದಿನ ಬದಲಿಸಲು ಕೇಳಲೇ ಎಂದರು. ಟೀಚರ್ ಬೇಡವೆಂದರು. ಔಷಧ ಹರಿಸಿದ ದಿನ ಹೆಚ್ಚು ನೀರು ಕುಡಿದು ಮೂತ್ರಕೋಶವನ್ನು ತೊಳೆಯಬೇಕಾದುದರಿಂದ, ಸೂರ್ಯಾಸ್ತದ ಮೊದಲೇ ಅದು ಸಾಧ್ಯವಾಗುವಂತೆ ಬೆಳಗಿನ ಮೊದಲ ಸರದಿಯನ್ನು ಮಾತ್ರ ಕೇಳಿಕೊಂಡಿದ್ದರು. ದಾದಿಯರ ಮುಖ್ಯಸ್ಥೆ ಅದನ್ನು ಕೊಟ್ಟಿದ್ದರು.

ಹಿಂದಿನ ಸಂಜೆ ಇಬ್ಬರೂ ಬಸದಿಗೆ ಹೋದರು. ಗುಂಪಿರುವ ಕಡೆ ಹೋಗಲು ಇನ್ನು ಕೆಲವು ತಿಂಗಳು ಸಾಧ್ಯವಾಗದು. ಟೀಚರ್ ಗಿಡ್ಡ ಕೂದಲಿನ ಮೇಲೆ ಸೆರಗು ಹೊದ್ದು, ಬಲಗೈಯಿಂದ ಎಡತೋಳನ್ನು ಆಧರಿಸಿಕೊಂಡು ಪ್ರದಕ್ಷಿಣೆ ಬಂದರು. ಶಸ್ತ್ರಚಿಕಿತ್ಸೆಯಾದ ಬದಿಯ ಆ ತೋಳಿಗೆ ಸೂಜಿ ಚುಚ್ಚದಂತೆ, ರಕ್ತದೊತ್ತಡದ ಪಟ್ಟಿ ಕಟ್ಟದಂತೆ ನೋಡಿಕೊಳ್ಳಬೇಕೆಂದು ಪತಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು.

ಮುಂಜಾನೆ ಕಾರಿನಲ್ಲಿ ಹೊರಟಾಗ ಮಳೆ ಹಿಡಿದಿತ್ತು. ಕೈಚೀಲದಲ್ಲಿ ಉಷ್ಣಮಾಪಕ, ಆಸ್ಪತ್ರೆಯ ರಾತ್ರಿ ದೂರವಾಣಿ ಸಂಖ್ಯೆ ಬರೆದ ರಟ್ಟು, ಕುದಿಸಿ ಆರಿಸಿದ ನೀರಿನ ಎರಡು ಬಾಟಲಿ, ಗಂಜಿಯ ಫ್ಲಾಸ್ಕ್, ನೋಟ್ ಪುಸ್ತಕ. ದಾರಿಯುದ್ದಕ್ಕೂ ಹ್ಚೆಚು ಮಾತಿರಲಿಲ್ಲ. ಆಸ್ಪತ್ರೆಯ ಅಂಗಳ ತಲುಪುವಾಗ ಮೋಡದ ಹಿಂದೆ ಬೆಳಕಾಗಿತ್ತು. ಸೂರ್ಯೋದಯವಾಗಿ ಎರಡು ಗಳಿಗೆ ಕಳೆಯಿತೇ ಎಂದು ಟೀಚರ್ ಪತಿಯ ಕೈಗಡಿಯಾರವನ್ನು ನೋಡಿದರು. ಕಳೆದಿತ್ತು. ಪತಿ ಫ್ಲಾಸ್ಕಿನ ಮುಚ್ಚಳಕ್ಕೆ ಗಂಜಿ ಬಗ್ಗಿಸಿ ಚಮಚ ಇಟ್ಟು ಕೊಟ್ಟರು. ಎಷ್ಟೋ ವರ್ಷಗಳಿಂದ ಚತುರ್ದಶಿಯಂದು ಬಾಯಿಗೆ ಏನನ್ನೂ ಹಾಕದಿದ್ದ ಅವರು ಒಂದು ಗಳಿಗೆ ಮುಚ್ಚಳವನ್ನು ಹಾಗೆಯೇ ಹಿಡಿದುಕೊಂಡಿದ್ದರು. ಆಮೇಲೆ ಕಣ್ಣುಮುಚ್ಚಿ ಣಮೋಕಾರ ಹೇಳಿಕೊಂಡು ಉಂಡರು.

“ಉಪ್ಪು ಸಾಲದು,” ಎಂದರು.

ಪತಿ ಪುಸ್ತಕ ತೆರೆದು ಅದನ್ನೂ ಬರೆದುಕೊಂಡರು.